ದಿನಕ್ಕೊಂದು ತಪ್ಪು

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬಾಣಕ್ಕ ಅಂತ. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಕಾಲರಿನಿಂದ ಕೆಳಗಿನ ಮಡಿಕೆಯವರೆಗೆ ಬೆರಳಾಡಿಸಿ, ತಪ್ಪು ಕಂಡಲ್ಲಿ ಬಾಣದ ಗುರುತಿನ ಕೆಂಪು ಚೀಟಿ ಅಂಟಿಸುವುದು ಅವಳ ಕೆಲಸ. ಬಿಟ್ಟುಹೋದ ಹೊಲಿಗೆ, ವಾಲಿದ ಜೇಬು, ಕಾಜಾಕ್ಕೆ ಎದುರಾಗದ ಗುಂಡಿ, ಯಾವುದೂ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಹೋಗಿದ್ದರೆ ಏನು ಗತಿ ಎಂಬ ದಿಗಿಲಿಗೆ, ಪೆಟ್ಟಿಗೆ ಸೇರಿದ ಅಂಗಿಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮತ್ತೆ ಬಿಚ್ಚಿ ನೋಡುತ್ತಾ ಮನೆಗೆ ಬರುವವಳು. ಬಾಗಿಲಿಗೆ ಬೀಗ ಹಾಕಿ ಬೀದಿ ತಿರುವಿನವರೆಗೆ ಹೋಗಿ, ವಾಪಸ್ ಬಂದು ಇನ್ನೊಮ್ಮೆ ಜಗ್ಗಿ ನೋಡುವ ಜಾತಿ.

ಇಂಥವಳನ್ನು ಮೇಲ್ವಿಚಾರಕರು ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ಸಂಜೆ ತರಗತಿಗೆ ಕಳಿಸಿದರು. ಹೊಸದಾಗಿ ಯೋಚಿಸುವುದು ಹೇಗೆ ಎಂದು ಅಲ್ಲಿ ಹೇಳಿಕೊಡುತ್ತಾರಂತೆ.

“ನನಗೆಲ್ಲಿ ಹೊಸದು ಹೊಳೆಯುತ್ತೆ ಸಾರ್? ಕೆಟ್ಟದ್ದು ಕಂಡ್ರೆ ತೋರಿಸೋದು, ಅಷ್ಟೇ ನನಗೆ ಬರೋದು.”

“ಹೊಳೆಯದಿದ್ರೂ ಪರವಾಗಿಲ್ಲ ಬಾಣಕ್ಕ. ನೀವಾದ್ರೆ ಒಂದು ದಿನಾನೂ ತಪ್ಪಿಸಲ್ಲ.”

ಅವಳ ಜೀವವೆಲ್ಲ ಆಗ ಇದ್ದದ್ದು ಮನೆಯಲ್ಲಿ, ಅತ್ತೆಯ ಮಂಚದ ಹತ್ತಿರ. ಅತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ಬರುತ್ತಿದ್ದ ವ್ಯಾಯಾಮದ ಹುಡುಗಿ ಮೃದುವಾದ ರಬ್ಬರ್ ಚೆಂಡೊಂದನ್ನು ಕೊಟ್ಟು, “ಇದನ್ನ ಹಿಸುಕ್ತಾ ಇರಿ ಅಜ್ಜಿ” ಎಂದರೆ, ಅತ್ತೆ ಎಡಗೈಯಿಂದ ಅದನ್ನು ಮೂಲೆಗೆ ಎಸೆದರು.

“ನಾನೇನು ಎಲೆ ಮಗುವಾ, ಚೆಂಡಾಡೋಕೆ?”

ಎಳೆ ಮಗು ಅನ್ನಬೇಕಿತ್ತು. ಕಾಯಿಲೆ ಬಂದ ಮೇಲೆ ಅವರ ನಾಲಿಗೆ ಹೊರಳುತ್ತಿರಲಿಲ್ಲ. ಳ ಎಂದಲ್ಲೆಲ್ಲ ಲ ಬರುತ್ತಿತ್ತು. ಅದನ್ನು ಯಾರಾದರೂ ತಿದ್ದಲು ಹೋದರೆ ಅವರ ಕಥೆ ಮುಗಿಯಿತು.

ಹುಡುಗಿ ಹೊರಡುವಾಗ ಬಾಗಿಲ ಬಳಿ ಮೆಲ್ಲಗೆ ಹೇಳಿದಳು: “ಅಕ್ಕಾ, ಬೆರಳಲ್ಲಿ ಜೀವ ಇದೆ. ಆದ್ರೆ ಈಗ ಆಡಿಸದಿದ್ರೆ ಹೀಗೇ ಮಡಚಿಕೊಂಡು ಗಟ್ಟಿಯಾಗಿಬಿಡ್ತವೆ. ಆಮೇಲೆ ಯಾರೂ ಏನೂ ಮಾಡೋಕಾಗಲ್ಲ.”

ಬಾಣಕ್ಕ ಗೋಗರೆದಳು, ಗದರಿದಳು. ಗಂಡ ಪುಸಲಾಯಿಸಿದ. ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಒಂದು ಕಾಲಕ್ಕೆ ಊರಿನ ಟೈಲರ್‌ಗಳೆಲ್ಲ ಕಾಜಾ ಹೊಲಿಸಲು ಹುಡುಕಿಕೊಂಡು ಬರುತ್ತಿದ್ದ ಕೈ ಅದು. ಅದೊಂದೇ ಆಗಿದ್ದರೆ ಬಾಣಕ್ಕನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಈ ಮನೆಗೆ ಬಂದಾಗ ಅವಳು ಓದನ್ನು ಅರ್ಧಕ್ಕೆ ಬಿಟ್ಟ ಹುಡುಗಿ. ಸಂಜೆ ಶಾಲೆಗೆ ಸೇರಿಸಿದ್ದು ಅತ್ತೆಯೇ. ಮಗ ಊಟದ ಹೊತ್ತಿಗೆ ಹೆಂಡತಿ ಇರುವುದಿಲ್ಲ ಎಂದು ಗೊಣಗಿದಾಗ, “ಬಡಿಸೋಕೆ ನನಗೆ ಕೈಯಿಲ್ವೇನೋ?” ಎಂದು ಬಾಯಿ ಮುಚ್ಚಿಸಿದ್ದರು. ಆ ಕೈ ಈಗ ಹೊದಿಕೆಯ ಮೇಲೆ ಯಾರದ್ದೋ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು.

ಗ್ರಂಥಾಲಯದ ಮಹಡಿಯಲ್ಲಿ ಪಾಠ ಹೇಳುತ್ತಿದ್ದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಮೊದಲ ದಿನವೇ ಮನೆಗೆಲಸ ಕೊಟ್ಟರು: “ನಾಳೆ ಬರುವಾಗ ಎಲ್ಲರೂ ಒಂದೊಂದು ತಪ್ಪು ಮಾಡಿಕೊಂಡು ಬನ್ನಿ. ಬೇಕಂತಲೇ ಮಾಡಿರಬೇಕು. ಆಮೇಲೆ ಏನಾಯ್ತು ಅಂತ ಹೇಳಬೇಕು.”

ಎಲ್ಲರೂ ನಕ್ಕರು. ಬಾಣಕ್ಕ ಮಾತ್ರ ಅದನ್ನು ಬರೆದುಕೊಂಡಳು. ಎಂಥ ತಪ್ಪು? ಎಷ್ಟು ದೊಡ್ಡದು? ಬೆಳಗ್ಗೆ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿ ನೋಡಿದಳು. ಬಾಗಿಲು ದಾಟುವ ಮೊದಲೇ ಸರಿ ಮಾಡಿಕೊಂಡಳು. ಸಂಜೆ ಮೇಷ್ಟ್ರ ಮುಂದೆ ತಲೆ ತಗ್ಗಿಸಿ ನಿಂತಳು.

“ಆಗಲಿಲ್ಲ ಸಾರ್. ಮನೆಗೆಲಸ ಮಾಡಿಲ್ಲ.”

“ಭೇಷ್! ಮನೆಗೆಲಸ ಮಾಡದೇ ಇರೋದೇ ತಪ್ಪು. ನೀವು ಪಾಸ್.”

“ಇಲ್ಲ ಸಾರ್, ಅದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಬೇಕಂತ ಮಾಡಿದ್ದಲ್ವಲ್ಲ.”

ಮೇಷ್ಟ್ರು ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಅಮ್ಮಾ, ತಪ್ಪನ್ನೂ ತಪ್ಪಿಲ್ಲದ ಹಾಗೆ ಮಾಡಬೇಕು ಅನ್ನೋರನ್ನ ನಾನು ಇದೇ ಮೊದಲು ನೋಡಿದ್ದು. ಹೋಗಿ, ನಿಮಗೆ ಚೆನ್ನಾಗಿ ಗೊತ್ತಿರೋ ಕೆಲಸದಲ್ಲೇ ಮಾಡಿ. ಸುಲಭವಾಗುತ್ತೆ.”

ಆ ರಾತ್ರಿ ಅವಳು ಅತ್ತೆಯ ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತು ಗಂಡನ ಅಂಗಿಗೆ ಗುಂಡಿ ಹೊಲಿಯತೊಡಗಿದಳು. ಉಸಿರು ಬಿಗಿಹಿಡಿದು, ಇರಬೇಕಾದ ಜಾಗಕ್ಕಿಂತ ಒಂದು ಬೆರಳು ಪಕ್ಕಕ್ಕೆ ಸೂಜಿ ಚುಚ್ಚಿದಳು. ಹೇಗಾದರೂ ಮುಗಿಸಿ ಮೇಷ್ಟ್ರಿಗೆ ತೋರಿಸಿದರೆ ಸಾಕು ಅನ್ನಿಸಿತ್ತು.

“ಏಯ್! ಆ ಗುಂಡಿ ಎಲ್ಲಿಗೆ ಹೊರಟಿದೆಯೇ?” ಮಂಚದಿಂದ ದನಿ ಬಂತು.

“ಯಾಕತ್ತೆ, ಸರಿ ಇದೆಯಲ್ಲ.”

“ಸರಿಯಂತೆ ಸರಿ! ನೆಂಟರ ಮನೆಗೆ ಹೋದ ಹಾಗೆ ಹೋಗ್ತಿದೆ. ಕೊಡಿಲ್ಲಿ, ಹಾಲುಮಾಡಬೇಡ!”

ಹೇಳುತ್ತಿದ್ದಂತೆಯೇ ಅತ್ತೆಯ ಬಲಗೈ ಹೊದಿಕೆಯ ಮೇಲೆ ಸರಿಯಿತು. ಬೆರಳುಗಳು ನಡುಗಿದವು, ಬಿಚ್ಚಿದವು, ಅಂಗಿಯ ಅಂಚನ್ನು ಹಿಡಿದುಕೊಂಡವು. ಒಂದು ಕ್ಷಣವಷ್ಟೇ, ಆಮೇಲೆ ಜಾರಿತು. ಅತ್ತೆಗೆ ಅದರ ಕಡೆ ಗಮನವೇ ಇಲ್ಲ. ಅವರ ಕಣ್ಣೆಲ್ಲ ಆ ಗುಂಡಿಯ ಮೇಲೆ.

ಬಾಣಕ್ಕ ಅದನ್ನು ಕಂಡಳು. ಅಂಗಿಯನ್ನು ಇನ್ನಷ್ಟು ಹತ್ತಿರಕ್ಕೆ, ಅತ್ತೆಯ ಬಲಕ್ಕೆ ಸರಿಸಿ, “ನನಗೆ ಗೊತ್ತಾಗ್ತಾ ಇಲ್ಲ ಅತ್ತೆ, ನೀವೇ ತೋರಿಸಿ” ಎಂದಳು. ಜೀವಮಾನದಲ್ಲಿ ಅವಳು ಹೇಳಿದ ದೊಡ್ಡ ಸುಳ್ಳು ಅದು.

ಅಲ್ಲಿಂದ ಶುರುವಾಯಿತು. ಆದರೆ ಒಂದೇ ತಪ್ಪನ್ನು ಎಷ್ಟು ದಿನ ಮಾಡುವುದು? ಗುಂಡಿಯ ಆಟ ಬೇಗನೆ ಹಳತಾಯಿತು. ಅತ್ತೆ ಕೈ ಚಾಚದೆ ಬರೀ ಬಾಯಲ್ಲಿ ಬೈದು ಸುಮ್ಮನಾಗತೊಡಗಿದರು. ಬಾಣಕ್ಕ ಚಿಂತೆಗೆ ಬಿದ್ದಳು. ತಪ್ಪು ನೋಡಿದವರಿಗೆ ಮೈ ಉರಿಯಬೇಕು, ಬಾಯಲ್ಲಿ ಹೇಳಿ ತೀರುವಂತಿರಬಾರದು, ಕೈ ಹಾಕದೆ ಬೇರೆ ದಾರಿಯೇ ಇರಬಾರದು. ಅಂಥದ್ದನ್ನು ಎಲ್ಲಿಂದ ತರುವುದು?

ಮರುದಿನ ಕಾರ್ಖಾನೆಯ ಮೇಜಿನ ಮುಂದೆ ನಿಂತಾಗ ಅವಳಿಗೆ ನಗು ಬಂತು. ತನ್ನ ಮುಂದೆ ಬಂದು ಬೀಳುತ್ತಿರುವುದೇ ತಪ್ಪುಗಳ ರಾಶಿ! ಇಷ್ಟು ವರ್ಷ ಕಂಡ ಕೂಡಲೇ ಚೀಟಿ ಅಂಟಿಸಿ ಪಕ್ಕಕ್ಕೆ ತಳ್ಳುತ್ತಿದ್ದವಳು ಈಗ ಒಂದೊಂದನ್ನೂ ಎತ್ತಿ ತಿರುಗಿಸಿ ನೋಡತೊಡಗಿದಳು. ಈ ಸಿಕ್ಕಾದ ದಾರವನ್ನು ಬಿಡಿಸಲು ಯಾವ ಬೆರಳು ಬೇಕು? ಈ ಒಳಹೊರಗಾದ ತೋಳನ್ನು ಎಳೆಯಬೇಕಾದರೆ ಮಣಿಕಟ್ಟು ತಿರುಗಲೇಬೇಕಲ್ಲವೇ? ತಪ್ಪು ಮಾಡಿದ ಹುಡುಗಿಯರ ಮೇಲೆ ಅವಳಿಗೆ ಮೊದಲ ಸಲ ಪ್ರೀತಿ ಬಂತು. ಒಬ್ಬಳನ್ನು ಕರೆದು, “ಈ ಕಫ್ ತಿರುವುಮುರುವಾಗಿ ಹೇಗೆ ಕೂರಿಸಿದೆ, ನನಗೂ ತೋರಿಸೇ” ಎಂದಾಗ ಆ ಹುಡುಗಿ ಬೈಗುಳ ಕಾದಿದೆ ಎಂದು ಅಳುವುದೊಂದು ಬಾಕಿ.

ಮನೆಯ ವಸ್ತುಗಳೂ ಬೇರೆಯಾಗಿ ಕಾಣತೊಡಗಿದವು. ಡಬ್ಬಿಯ ಮುಚ್ಚಳವನ್ನು ಸೊಟ್ಟಗೆ ಕೂರಿಸಿ ಅತ್ತೆಯ ಕೈಗೆಟಕುವಲ್ಲಿ ಇಟ್ಟಳು. ಉಣ್ಣೆಯ ಉಂಡೆಯನ್ನು ತಾನೇ ಸಿಕ್ಕು ಮಾಡಿ, ತಾನೇ ಬಿಡಿಸಲು ಹೆಣಗುವವಳಂತೆ ನಟಿಸಿದಳು. ಒಮ್ಮೆ ಬೇರೆ ಬೇರೆ ಕಾಲುಚೀಲಗಳನ್ನು ಜೋಡಿ ಮಾಡಿ ಗಂಟು ಹಾಕಿದಾಗ ಅತ್ತೆ, “ನಿನ್ನ ಫ್ಯಾಕ್ಟರಿಯವರು ನಿನಗೆ ಸಂಬಲ ಕೊಡೋದು ಯಾಕೆ ಅಂತ ನನಗೆ ತಿಲೀತಿಲ್ಲ” ಎಂದು ಎರಡೂ ಕೈಯಿಂದ ಗಂಟು ಬಿಚ್ಚಿದರು. ಎರಡೂ ಕೈಯಿಂದ! ಬಾಣಕ್ಕ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು. ಮೇಷ್ಟ್ರಿಗೆ, ಆ ವ್ಯಾಯಾಮದ ಹುಡುಗಿಗೆ, ಕಫ್ ಕೆಡಿಸಿದ ಹುಡುಗಿಗೆ ಮನಸ್ಸಿನಲ್ಲೇ ಕೈಮುಗಿದಳು.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುವಾಗ ಅವಳಿಂದ ನಿಜವಾದ ತಪ್ಪೊಂದು ನಡೆದುಹೋಯಿತು. ಗಂಡನ ಅಂಗಿಯ ಜೇಬಿನ ಬಾಯಿಯನ್ನು ಪೂರ್ತಿ ಹೊಲಿದಿದ್ದಳು, ಅತ್ತೆ ಒಂದೊಂದೇ ಎಳೆ ಬಿಚ್ಚಲಿ ಎಂದು. ಅಷ್ಟರಲ್ಲಿ ಅತ್ತೆಗೆ ನಿದ್ದೆ ಹತ್ತಿತು. ಬಾಣಕ್ಕ ಅಂಗಿಗೆ ಇಸ್ತ್ರಿ ಹಾಕಿ ಬೀರುವಿನಲ್ಲಿಟ್ಟಳು, ಮರೆತಳು. ಬೀಗ ಎರಡು ಸಲ ಜಗ್ಗುವ ಬಾಣಕ್ಕ ಮರೆತಳು!

ಗಂಡ ಲಿಫ್ಟ್ ರಿಪೇರಿಯವನು. ಸಂಜೆ ಬಾಗಿಲಲ್ಲೇ ಸಿಡಿದ. “ಟೆಸ್ಟರ್ ಇಡೋಕೆ ಹೋದ್ರೆ ಜೇಬಿಗೆ ಬಾಯೇ ಇಲ್ಲ! ಲಿಫ್ಟಿಗೆ ಕಾಯ್ತಿದ್ದವರೆಲ್ಲ ನಗ್ತಾರೆ. ಅಮ್ಮನ ಕೈ ಆಡಲಿ ಅಂತ ಬೇಕಂತಲೇ ತಪ್ಪು ಮಾಡ್ತಿದ್ದೀನಿ ಅಂದೆ, ಸರಿ ಕಣೇ, ಅದಕ್ಕೆ ನನ್ನ ಅಂಗೀನೇ ಬೇಕಾ?”

ಹೇಳಿ ಮುಗಿಸಿದ ಮೇಲೆ ಮಂಚದ ಕಡೆ ನೋಡಿದ. ಅತ್ತೆ ಎಚ್ಚರವಾಗಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ಗೋಡೆ ಕಡೆ ತಿರುಗಿದರು.

ಮರುದಿನ ವ್ಯಾಯಾಮದ ಹುಡುಗಿ ಬಂದರೂ ಕೈ ಹೊದಿಕೆಯಿಂದ ಹೊರಗೆ ಬರಲಿಲ್ಲ. ಎಲ್ಲ ಕೆಡಿಸಿದೆ, ನನ್ನ ಬುದ್ಧಿಯೇ ಇಷ್ಟು, ಎಂದುಕೊಂಡು ಬಾಣಕ್ಕ ತರಗತಿಗೂ ಹೋಗಲಿಲ್ಲ. ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಪಕ್ಕ ಕುಳಿತಳು.

“ತಪ್ಪಾಯ್ತು ಅತ್ತೆ.”

“ಯಾವುದು? ಒಂದಾ ಎರಡಾ?”

“ಎಲ್ಲಾನೂ. ಚೆಂಡು ಹಿಡೀರಿ ಅಂದ್ರೆ ಎಸೀತಿದ್ರಿ. ನನಗೆ ಬೇರೆ ದಾರಿ ತೋಚಲಿಲ್ಲ. ನಿಮ್ಮನ್ನ ಮಗು ಅಂದುಕೊಂಡು ಮಾಡಿದ್ದಲ್ಲ. ನಾನು ನಾಲ್ಕಕ್ಷರ ಕಲಿತದ್ದು ಈ ಕೈಯಿಂದ. ಇದು ಸುಮ್ಮನೆ ಬಿದ್ದಿರೋದನ್ನ ನೋಡೋಕಾಗಲಿಲ್ಲ.”

ಅತ್ತೆ ಈ ಕಡೆ ಹೊರಳಿ, ಎಡಗೈಯಿಂದ ಅಂಗಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಬಾಯಿ ಹೊಲಿದ ಜೇಬನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ತುಟಿಯ ಒಂದು ಬದಿ ಕೊಂಕಿತು. ನಗುವೋ ಸಿಟ್ಟೋ ತಿಳಿಯಲಿಲ್ಲ.

“ಅಲ್ವೇ, ದಿನಕ್ಕೊಂದು ತಪ್ಪು. ಇಷ್ಟೆಲ್ಲಾ ಹೇಗೆ ಹೊಲೀತು ನಿನಗೆ?”

ಬಾಣಕ್ಕ ಕಣ್ಣೊರೆಸಿಕೊಂಡು ಶ್ರದ್ಧೆಯಿಂದ ವಿವರಿಸಿದಳು: “ಒಂಟಿ ಎಳೆಯಲ್ಲಿ ಹೊಲಿದೆ ಅತ್ತೆ. ನಿಮಗೆ ಬಿಚ್ಚೋಕೆ ಸುಲಭ ಆಗ್ಲಿ ಅಂತ ಹೊಲಿಗೆ ಸ್ವಲ್ಪ ಉದ್ದುದ್ದ ಹಾಕಿದೆ, ಕೊನೇಲಿ ಗಂಟು ಹಾಕದೆ...”

“ಅಯ್ಯೋ ಪೆದ್ದೇ! ಸೂಜಿ ದಾರದ ಮಾತಲ್ಲ ಕಣೇ. ಇಲ್ಲಿ! ಇಲ್ಲಿ ಹೇಗೆ ಹೊಲೀತು ಅಂತ ಕೇಲಿದ್ದು!”

ಹಾಗೆನ್ನುತ್ತಾ ಅತ್ತೆ ತಮ್ಮ ಹಣೆಯನ್ನು ತಟ್ಟಿ ತೋರಿಸಿದರು. ಎಡಗೈ ಅಂಗಿಯನ್ನು ಹಿಡಿದೇ ಇತ್ತು. ತಟ್ಟಿದ್ದು ಬಲಗೈ.

ಇಬ್ಬರೂ ಆ ಕೈಯನ್ನೇ ನೋಡಿದರು. ಅದು ಇಷ್ಟು ದಿನ ಎದೆಯ ಮಟ್ಟ ದಾಟಿರಲಿಲ್ಲ. ಈಗ ಹಣೆಯ ಮೇಲೆ, ಅಲ್ಲಿಗೆ ಹೇಗೆ ಬಂತೆಂದು ತನಗೇ ಗೊತ್ತಿಲ್ಲದಂತೆ, ಸಣ್ಣಗೆ ನಡುಗುತ್ತಾ ನಿಂತಿತ್ತು. ಅಷ್ಟರಲ್ಲಿ ಕೆಲಸದಿಂದ ಬಂದ ಮಗನೂ ಬಾಗಿಲಲ್ಲೇ ನಿಂತು ನೋಡಿದ.

ಬಾಣಕ್ಕ ಆ ಕೈಯನ್ನು ಮೆಲ್ಲಗೆ ಇಳಿಸಿಕೊಂಡು ತನ್ನೆರಡು ಕಣ್ಣಿಗೂ ಒತ್ತಿಕೊಂಡಳು. ಆಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಳು.

“ನೀವು ಬೈತಿದ್ರಲ್ಲ ಅತ್ತೆ, ಆಗ ಹೊಳೀತು.”

“ಹಾಗಾದ್ರೆ ನಾಲೆ ಇನ್ನೂ ಚೆನ್ನಾಗಿ ಬೈತೀನಿ,” ಎಂದರು ಅತ್ತೆ. ಒದ್ದೆಯಾದ ಬೆರಳುಗಳನ್ನು ಸೊಸೆಯ ಸೆರಗಿಗೇ ಒರೆಸಿ, ಬಾಗಿಲ ಕಡೆ ಕಣ್ಣು ಹಾಯಿಸಿದರು. “ಜೇಬು ಬೇಡ, ಅವನು ಬಡಕೊಲ್ತಾನೆ. ಕಾಲರ್ ತಾ. ಕಾಲರ್ ಕೆಡಿಸೋದು ಅಷ್ಟು ಸುಲಭ ಅಲ್ಲ, ನೋಡೋಣ.”