ಹಬ್ಬದ ಸಂಜೆ ಮುಚ್ಚಿದ ಬಾಗಿಲು

ಜಗದ್‌ನ ಹೆಸರು ಕಿವಿಗೆ ಬಿದ್ದರೆ ಸಾಕು, ವೆನಿಂಗ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಯೋಗ್ಯಕರ್ತಾ ನಗರದ ಒಂದು ಪ್ರಯೋಗಾಲಯದಲ್ಲಿ ಮೊಬೈಲ್ ಜಾಲಗಳ ಸಂಶೋಧನೆ ಮಾಡುತ್ತಲೇ ಅವಳ ಕೂದಲು ನೆರೆಯತೊಡಗಿತ್ತು. ಅವನು ನಿನ್ನೆ ಮೊನ್ನೆ ಬಂದವನು. ಬಂದವನೇ ಎಲ್ಲರಿಗೂ ಬೇಕಾದವನಾಗಿಬಿಟ್ಟ. ಗೇಟಿನವನು ಕೂಡ ಅವನ ಸ್ಕೂಟರಿಗೆಂದು ನೆರಳಲ್ಲಿ ಜಾಗ ಹಿಡಿದಿಡುತ್ತಿದ್ದ. ಆ ಅಂಗೈಯಗಲ ನೆರಳಿನ ಮೇಲೂ ವೆನಿಂಗ್‌ಳ ಕಣ್ಣು ಬಿದ್ದಿತ್ತು.

ವೆನಿಂಗ್ ಕಟ್ಟಿದ್ದು ಕಾವಲು ಕಾಯುವ ತಂತ್ರಾಂಶ. ಯಾವುದಾದರೂ ಟವರಿಗೆ ಅಳತೆ ಮೀರಿ ಕರೆಗಳು ನುಗ್ಗಿದರೆ, ಯಾರೋ ಜಾಲವನ್ನು ಕೆಡವಲು ದಾಳಿ ಮಾಡುತ್ತಿದ್ದಾರೆಂದು ತಿಳಿದು ಅದು ತಾನಾಗಿಯೇ ಕರೆಗಳಿಗೆ ಬಾಗಿಲು ಹಾಕಿಬಿಡುತ್ತಿತ್ತು. ಜಗದ್ ಕಟ್ಟಿದ್ದು ಮುನ್ನೋಟ. ಯಾವ ಸಂಜೆ ಯಾವ ಟವರಿಗೆ ಎಷ್ಟು ಕರೆ ಬರುತ್ತವೆಂದು ಅದು ಮೊದಲೇ ಹೇಳುತ್ತಿತ್ತು. ಅಳತೆ ಎಷ್ಟೆಂದು ಅವನದು ಹೇಳಬೇಕು, ಮೀರಿದರೆ ಅವಳದು ತಡೆಯಬೇಕು. ಎರಡನ್ನೂ ಜೋಡಿಸಿ, ಈ ಸಲ ರಂಜಾನ್ ಉಪವಾಸ ಮುಗಿಸುವ ಲೆಬಾರನ್ ಹಬ್ಬಕ್ಕೆ ವೊನೊಸಾರಿ ಊರಿನ ಟವರುಗಳ ಮೇಲೆ ಪರೀಕ್ಷಿಸುವುದೆಂದು ತೀರ್ಮಾನವಾಯಿತು. ಹಬ್ಬದ ಹಿಂದಿನ ಸಂಜೆ ಊರಿಗೆ ಊರೇ ಫೋನು ಹಿಡಿದು ಕೂರುತ್ತದೆ, ಅದಕ್ಕಿಂತ ದೊಡ್ಡ ಪರೀಕ್ಷೆ ಇನ್ಯಾವುದಿದೆ. ಇದು ಮುಗಿದ ಮೇಲೆ ಹೊಸ ಸಂಶೋಧನಾ ಕೇಂದ್ರಕ್ಕೆ ಇಬ್ಬರಲ್ಲಿ ಒಬ್ಬರು ಮುಖ್ಯಸ್ಥರು. ಯಾರೆಂದು ಪ್ರಯೋಗಾಲಯ ನಡೆಸುವ ಪ್ರೊಫೆಸರ್ ಹಾರ್ಯೊ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಜಗದ್‌ನ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುತ್ತಿದ್ದರು.

ಹಬ್ಬ ಹತ್ತಿರ ಬಂದಾಗ ತಪ್ಪೊಂದು ವೆನಿಂಗ್‌ಳ ಕಣ್ಣಿಗೆ ಬಿತ್ತು. ಮುನ್ನೋಟದಲ್ಲಿ ಹಬ್ಬ ಶುಕ್ರವಾರವೆಂದು ಹಾಕಿ ಜಗದ್ ಕೈತೊಳೆದುಕೊಂಡಿದ್ದ. ಅವನದು ಚಂದ್ರನ ಗತಿಯ ಲೆಕ್ಕ ಹಾಕಿ ಹಬ್ಬ ಮಾಡುವ ಮನೆತನ. ಅವರಿಗೆ ಹಬ್ಬದ ದಿನ ತಿಂಗಳುಗಳ ಮೊದಲೇ ಗೊತ್ತು. ವೊನೊಸಾರಿಯ ಹೆಚ್ಚಿನವರು ವೆನಿಂಗ್‌ಳ ಮನೆಯವರ ಹಾಗೆ, ಚಂದ್ರ ಕಂಡನೆಂದು ಸರ್ಕಾರ ಸಾರುವವರೆಗೆ ಕಾಯುವವರು. ಕಾಣದಿದ್ದರೆ ಹಬ್ಬ ಮರುದಿನಕ್ಕೆ. ಇದು ಜಗದ್‌ಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಈಚಿನ ವರ್ಷಗಳಲ್ಲಿ ಎರಡೂ ಒಂದೇ ದಿನ ಬಂದಿದ್ದವು, ತನ್ನ ಮನೆಯ ಹಬ್ಬವೇ ಊರಿನ ಹಬ್ಬವೆಂದು ಅವನ ಕೈ ತಾನಾಗಿ ಬರೆದುಬಿಟ್ಟಿತ್ತು.

ಮನೆಗೆ ಹೊರಡುವ ಮುಂಚೆ ಅವನೇ ಅವಳ ಮೇಜಿನ ಹತ್ತಿರ ಬಂದ. ಅವಳನ್ನು ಅಕ್ಕನಂತೆ ಮ್ಬಾಕ್ ಎಂದೇ ಕರೆಯುತ್ತಿದ್ದ.

“ಮ್ಬಾಕ್, ನನ್ನದನ್ನ ಒಂದ್ಸಲ ನೋಡಿದ್ರಾ? ನಿಮ್ ಕಣ್ಣಿಗೆ ಬೀಳದ್ದು ಇನ್ಯಾರ ಕಣ್ಣಿಗೂ ಬೀಳಲ್ಲ.”

“ನೋಡ್ದೆ ಕಣೋ. ಎಲ್ಲಾ ಸರಿಯಾಗಿದೆ. ನೀನು ಆರಾಮಾಗಿ ಹೋಗಿ ಹಬ್ಬ ಮಾಡು.”

ಸುಳ್ಳು ಬೆಣ್ಣೆಯ ಹಾಗೆ ಜಾರಿತು. ಇಷ್ಟು ಸಲೀಸಾಗಿ ಹೇಳಬಲ್ಲೆನೆಂದು ಅವಳಿಗೇ ಗೊತ್ತಿರಲಿಲ್ಲ.

ಗುರುವಾರ ಸಂಜೆ ಚಂದ್ರ ಕಾಣಲಿಲ್ಲ. ಹಬ್ಬ ಶನಿವಾರ ಎಂದು ಟಿವಿಯಲ್ಲಿ ಸಾರಿದರು. ಜಗದ್‌ಗೆ ತಿಳಿಸೋಣವೆಂದು ಅವಳು ಫೋನು ಎತ್ತಿಕೊಂಡಳು, ಪ್ರೊಫೆಸರ ಕೈ ಅವನ ಹೆಗಲ ಮೇಲಿದ್ದದ್ದು ನೆನಪಾಯಿತು, ಕೆಳಗಿಟ್ಟಳು. ಶುಕ್ರವಾರ ಅವನು ತನ್ನ ಮನೆಯವರೊಂದಿಗೆ ಹಬ್ಬದ ಗಡಿಬಿಡಿಯಲ್ಲಿದ್ದ. ಪ್ರಯೋಗಾಲಯದಲ್ಲಿ ಕಾಯುವ ಸರದಿ ವೆನಿಂಗ್‌ಳದು.

ಸೂರ್ಯ ಮುಳುಗಿ ಮಸೀದಿಗಳಲ್ಲಿ ಡೋಲು ಶುರುವಾಯಿತು, ವೊನೊಸಾರಿ ಫೋನು ಎತ್ತಿಕೊಂಡಿತು. ಹಬ್ಬ ಮುಗಿದಿದೆ, ಜನ ಸುಮ್ಮನಿರುತ್ತಾರೆ ಎನ್ನುತ್ತಿತ್ತು ಮುನ್ನೋಟ. ಕಾವಲಿಗೆ ಇದು ದಾಳಿಯಂತೆಯೇ ಕಂಡಿತು. ಪರದೆಯ ಮೇಲೆ ಟವರುಗಳು ಒಂದಾದ ಮೇಲೊಂದು ಬಾಗಿಲು ಮುಚ್ಚಿ ಕೆಂಪಗಾದವು. ವೆನಿಂಗ್‌ಗೆ ಖುಷಿಯಾಯಿತು, ಮುಚ್ಚಿಡುವುದೇಕೆ, ಹಬ್ಬದ ಬಟ್ಟೆ ಉಟ್ಟಷ್ಟು ಖುಷಿಯಾಯಿತು. ಬಾಗಿಲು ತೆರೆಯಲು ಅವಳು ಒಂದು ಬೆರಳು ಆಡಿಸಿದರೆ ಸಾಕಿತ್ತು. ಅವಳು ಚಹಾ ಬಗ್ಗಿಸಿಕೊಂಡು, ಲೋಟ ಖಾಲಿಯಾಗುವವರೆಗೆ ಕುಡಿದು, ಆಮೇಲೆ ತೆರೆದಳು.

ಬೆಳಗ್ಗೆ ವೊನೊಸಾರಿಯಿಂದ ಚಿಕ್ಕಮ್ಮ ಫೋನು ಮಾಡಿ ಅತ್ತಳು. ಮಲೇಷ್ಯಾದಲ್ಲಿ ದುಡಿಯುವ ಮಗ ಸಂಜೆ ಎಷ್ಟು ಸಲ ಪ್ರಯತ್ನಿಸಿದರೂ ಲೈನು ಸಿಗಲಿಲ್ಲವಂತೆ, ಅಷ್ಟರಲ್ಲಿ ಅವನ ಪಾಳಿ ಶುರುವಾಯಿತಂತೆ. ಹೌದಾ, ಪಾಪ, ಎಂದಳು ವೆನಿಂಗ್. ಅದರ ಬೆನ್ನಿಗೇ ಪ್ರೊಫೆಸರ ಕರೆ ಬಂತು. ಮುನ್ನೋಟ ಕೈಕೊಟ್ಟಿತು, ನಿಮ್ಮ ಕಾವಲು ಮಾತ್ರ ಹೇಳಿದ ಕೆಲಸ ಹೇಳಿದಂತೆ ಮಾಡಿತು, ಕೇಂದ್ರವನ್ನು ನೀವೇ ನೋಡಿಕೊಳ್ಳಿ ಎಂದರು.

ಮಧ್ಯಾಹ್ನ ಜಗದ್ ಬಿಸ್ಕತ್ತಿನ ಡಬ್ಬಿ ಹಿಡಿದು ಅವಳ ಮನೆಗೇ ಬಂದ. ಹಬ್ಬದಲ್ಲಿ ಕಿರಿಯರು ಮಂಡಿಯೂರಿ ಹಿರಿಯರ ಕೈ ಹಿಡಿದು ಕ್ಷಮೆ ಕೇಳಬೇಕು, ಹಿರಿಯರೂ ತಿರುಗಿ ಕೇಳಬೇಕು. ಅವನು ನೆಲದ ಮೇಲೆ ಮಂಡಿಯೂರಿ ಅವಳ ಕೈಗೆ ಹಣೆ ಒತ್ತಿದ.

“ಮ್ಬಾಕ್, ನನ್ನ ದೆಸೆಯಿಂದ ನಿಮ್ಮ ಕೆಲಸಕ್ಕೂ ಕೆಟ್ಟ ಹೆಸರು ಬರ್ತಿತ್ತು. ತಿಳಿದೋ ತಿಳೀದೆಯೋ ಮಾಡಿದ್ದನ್ನೆಲ್ಲ ಹೊಟ್ಟೆಗೆ ಹಾಕ್ಕೊಳ್ಳಿ.”

“ನನ್ನದೂ ತಪ್ಪಿದೆ ಜಗದ್. ನೀನೂ ಕ್ಷಮಿಸು.”

ಅವನು ತಲೆಯೆತ್ತಿ ನಕ್ಕ. “ಇವತ್ತು ಎಲ್ರೂ ಹೀಗೇ ಅಂತಾರೆ. ನೀವೇನು ತಪ್ಪು ಮಾಡಿದ್ದೀರಿ, ಹೇಳಿ ನೋಡೋಣ.”

ಮಾತು ನಾಲಿಗೆಯ ತುದಿಗೆ ಬಂತು. ಬೆಳಗ್ಗೆಯಷ್ಟೇ ಕೈಗೆ ಬಂದ ಕೇಂದ್ರ ಕಣ್ಣ ಮುಂದೆ ನಿಂತಿತು. ಅವಳು ಎದ್ದು ಹೋಗಿ ಅವನಿಗೆ ಅನ್ನದ ಕಡುಬು, ಕೋಳಿ ಸಾರು ಬಡಿಸಿ ತಂದಳು. ಅವನು ಚಪ್ಪರಿಸಿ ತಿಂದ, ಇನ್ನಷ್ಟು ಹಾಕಿಸಿಕೊಂಡ. ಕೇಳಬೇಕಾದದ್ದನ್ನು ಕೇಳಿ ಅವನ ಎದೆ ಹಗುರವಾಗಿತ್ತು. ಕ್ಷಮೆ ಕೇಳಲು ಅವನ ಬಳಿ ಇದ್ದದ್ದು ಎಷ್ಟು ಸಣ್ಣ ತಪ್ಪು. ಎದುರಿಗೆ ಕೂತು ನೋಡುತ್ತಿದ್ದ ವೆನಿಂಗ್‌ಗೆ ಅದರ ಮೇಲೂ ಹೊಟ್ಟೆ ಉರಿಯಿತು.