ನಾನು ಬಿಟ್ಟ ಸಾಲು

ದುರ್ಗಿಗುಡಿಯ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿದೊಡನೆ ವಿದ್ಯಾರ್ಥಿಯೊಬ್ಬರು ಅಂದಿನ ವಾರ್ತೆ ಓದುವುದು ರೂಢಿ. ಪತ್ರಿಕೆಯಿಂದ ಐದಾರು ಸಾಲು ಆರಿಸಿ ಬರೆದುಕೊಡುವ ಹೊಣೆ ಸಮಾಜ ವಿಜ್ಞಾನದ ಶಿಕ್ಷಕಿಯಾದ ನನ್ನದು. ಆ ತಿಂಗಳು ಓದುವ ಸರದಿ ಹತ್ತನೇ ತರಗತಿಯ ಇಂಪನಾಳದು. ಭದ್ರಾವತಿಯ ಓಲ್ಡ್ ಟೌನಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ತಂದೆ ಪ್ರಕಾಶ್ ಸೈನ್ಯದಲ್ಲಿ ಹವಾಲ್ದಾರ್.

ಗಡಿಯ ಗುಂಡಿನ ಚಕಮಕಿ ಮೂರೇ ವಾರಗಳಲ್ಲಿ ಯುದ್ಧವಾಗಿತ್ತು. ನೆರೆಯ ದೇಶಕ್ಕೆ ಅದರ ಮಿತ್ರರು ವಿಮಾನ ಕೊಟ್ಟರು. ನಮಗೆ ನಮ್ಮ ಮಿತ್ರರು ಕ್ಷಿಪಣಿ ಕೊಟ್ಟರು. ಮೊದಲು ಹೊಡೆಯದವನು ಸೋಲುತ್ತಾನೆಂದು ನಿವೃತ್ತ ಸೇನಾಧಿಕಾರಿಗಳು ಟಿ.ವಿ.ಯಲ್ಲಿ ಬೋಧಿಸಿದರು. ಸಂಧಾನವೆಂದವನು ದ್ರೋಹಿಯಾದ. ಮೈತ್ರಿಕೂಟ, ಉಗ್ರ ರಾಷ್ಟ್ರೀಯತೆ, ಸೈನಿಕ ಪೈಪೋಟಿ: ಮೊದಲ ಮಹಾಯುದ್ಧದ ಪಾಠದಲ್ಲಿ ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದ ಕಾರಣಗಳು ಇವೇ. ಮಕ್ಕಳು ನಾಲ್ಕು ಅಂಕಕ್ಕೆ ಬಾಯಿಪಾಠ ಮಾಡಿದ್ದರು. ನಾನೂ ಅಷ್ಟಕ್ಕೇ ಕಲಿಸಿದ್ದೆ.

ಶತ್ರುಗಳ ಸಾವಿನ ಸಂಖ್ಯೆ ಬಂದಾಗಲೆಲ್ಲ ಮಕ್ಕಳು ಚಪ್ಪಾಳೆ ತಟ್ಟತೊಡಗಿದರು. ಒಂದು ದಿನ ನಾನು ನಮ್ಮವರ ಸಾವನ್ನೂ ಬರೆದುಕೊಟ್ಟೆ. ಅಂಗಳ ಸ್ತಬ್ಧವಾಯಿತು. ಮುಖ್ಯೋಪಾಧ್ಯಾಯ ಸುದರ್ಶನ ಅವರು ಕರೆಸಿದರು.

"ಶಾಮಲಾ ಮೇಡಂ, ಪ್ರಾರ್ಥನೆ ಮಾಡಿಸ್ತಿದ್ದೀರೋ, ವೈಕುಂಠ ಸಮಾರಾಧನೆಯೋ?"

"ನಮ್ಮೋರು ಸತ್ತಿದ್ದೂ ವಾರ್ತೇನೇ ಅಲ್ವಾ ಸಾರ್?"

"ಪೇರೆಂಟ್ಸ್ ಫೋನ್ ಮಾಡಿ ಬೈತಾರೆ, ನೀವು ಉತ್ತರ ಕೊಡ್ತೀರಾ? ಪಾಪ, ಆ ಇಂಪನಾ ಮುಖ ನೋಡಿಯಾದ್ರೂ ಬಿಟ್ಟುಬಿಡಿ."

ಕರುಣೆಯ ಆ ನೆಪ ನನ್ನ ಹೇಡಿತನಕ್ಕೆ ಅನುಕೂಲವಾಯಿತು.

ಅದೇ ಸಂಜೆ ಇಂಪನಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಮಿಸ್, ನಾಲ್ಕು ದಿನದಿಂದ ಅಪ್ಪ ಫೋನ್ ಮಾಡಿಲ್ಲ. ಅಜ್ಜಿ ಟಿ.ವಿ. ಹಾಕೋಕೇ ಬಿಡಲ್ಲ. ಪೇಪರಲ್ಲಿ ಏನಾದ್ರೂ ಬಂದ್ರೆ ನೀವು ಹೇಳ್ತೀರಲ್ಲಾ?"

"ಹೇಳ್ತೀನಿ ಕಣೇ," ಎಂದೆ.

ಗುರುವಾರದ ಪತ್ರಿಕೆಯಲ್ಲಿ ಅವಳ ತಂದೆಯಿದ್ದ ಗಡಿ ಠಾಣೆಯ ಹೆಸರೇ ಇತ್ತು. ಶತ್ರುಗಳು ಹನ್ನೊಂದು ಮಂದಿ ಹತ. ನಮ್ಮವರು ಇಬ್ಬರು, ಹೆಸರು ಪ್ರಕಟವಾಗಿಲ್ಲ. ನಾನು ಕೊನೆಯ ಸಾಲನ್ನು ಬಿಟ್ಟು ಬರೆದೆ.

ಇಂಪನಾ ಓದಿದಳು. ಚಪ್ಪಾಳೆ ಭೋರ್ಗರೆಯಿತು. ಹಾಳೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳೂ ತಟ್ಟಿದಳು. "ಅಪ್ಪ ಇರೋ ಠಾಣೆ ಮಿಸ್ ಅದು! ಗೆದ್ದಿದ್ದಾರೆ!"

ಗೇಟಿನ ಬಳಿ ಅವಳ ಅಜ್ಜ ಓಬಯ್ಯ ನಿಂತಿದ್ದರು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುಲುಮೆಯ ಮುಂದೆ ದುಡಿದ ಮನುಷ್ಯ; ಆಗ ಗೇಟಿನ ಸರಳು ಹಿಡಿದುಕೊಂಡಿದ್ದರು. ನಾನು ಹತ್ತಿರ ಹೋದೆ.

"ಮಗೂನ ಕರ್ಕೊಂಡು ಹೋಗ್ತೀನಿ ಟೀಚರಮ್ಮ. ಬೆಳಿಗ್ಗೆ ಫೋನ್ ಬಂತು. ನಮ್ ಪ್ರಕಾಶ ಹೋಗ್ಬಿಟ್ಟ." ಅವರು ಅಂಗಳದತ್ತ ನೋಡಿದರು. "ಅಲ್ಲಾ, ಮಕ್ಕಳು ಯಾಕೆ ಚಪ್ಪಾಳೆ ತಟ್ತಿದ್ರು?"

ನನ್ನ ಹಿಂದೆಯೇ ಬಂದಿದ್ದ ಇಂಪನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಪೇಪರಲ್ಲಿ ಇತ್ತಾ ಮಿಸ್?"

"ಇತ್ತು."

ಅವಳು ಹಾಳೆಯನ್ನು ನನ್ನ ಕೈಗಿಟ್ಟು ಅಜ್ಜನ ಜೊತೆ ನಡೆದಳು.

ಮರುದಿನ ಎರಡು ನಿಮಿಷ ಮೌನ ಆಚರಿಸಿದೆವು. ಅನಂತರ ಮತ್ತೊಬ್ಬಳು ವಾರ್ತೆ ಓದಿದಳು. ಈ ಬಾರಿ ನಾನು ಯಾರನ್ನೂ ಕೇಳದೆ ಎರಡೂ ಕಡೆಯ ಸಂಖ್ಯೆ ಬರೆದಿದ್ದೆ. ಮೊದಲನೆಯದಕ್ಕೆ ಮಕ್ಕಳು ಚಪ್ಪಾಳೆ ತಟ್ಟಿದರು. ಆ ಸದ್ದಿನಲ್ಲಿ ಎರಡನೆಯದು ಕೇಳಿಸಲೇ ಇಲ್ಲ.