ಎರಡನೇ ಮಹಡಿಯ ಮಕ್ಕಳ ಕೋಣೆ

ಉಮಾಶ್ರೀ ಎಚ್.ಆರ್. ವಿಭಾಗಕ್ಕೆ ಆ ಒಂದು ಮೇಲ್ ಬರೆಯಲು ಹೆಚ್ಚುಕಡಿಮೆ ಒಂದು ವರ್ಷ ಹಿಂದೆಮುಂದೆ ನೋಡಿದ್ದಳು.

ವೈಟ್‌ಫೀಲ್ಡಿನ ಆ ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳು ಎಂಟು ಜನರ ಟೆಸ್ಟಿಂಗ್ ತಂಡಕ್ಕೆ ಲೀಡ್. ವರ್ಷಕ್ಕೊಮ್ಮೆ, ಒಂದು ಶನಿವಾರ, ಹೊರದೇಶದ ಗ್ರಾಹಕರನ್ನು ಕರೆಸಿ ಕಂಪನಿ ದೊಡ್ಡ ಸಮಾವೇಶ ಮಾಡುತ್ತಿತ್ತು. ಪ್ರತಿ ತಂಡದವರೂ ವೇದಿಕೆ ಹತ್ತಿ ತಮ್ಮ ಕೆಲಸ ತೋರಿಸಬೇಕು. 2011ರ ಸಮಾವೇಶಕ್ಕೆ ಅವಳಿಗೆ ಹೋಗಲಾಗಲಿಲ್ಲ. ಮಗ ಮಲ್ಲುವಿಗೆ ಆಗ ಒಂದೂಮುಕ್ಕಾಲು ವರ್ಷ. ವಾರದ ದಿನಗಳಲ್ಲಿ ಅವನನ್ನು ಇಮ್ಮಡಿಹಳ್ಳಿ ರಸ್ತೆಯ ಡೇ ಕೇರಿನಲ್ಲಿ ಬಿಡುತ್ತಿದ್ದಳು, ಆದರೆ ಶನಿವಾರ ಅದರ ಬಾಗಿಲು ಹಾಕಿರುತ್ತಿತ್ತು. ಗಂಡ ಸಂಗಮೇಶ್‌ಗೆ ಪೀಣ್ಯದ ಕಾರ್ಖಾನೆಯಲ್ಲಿ ಶನಿವಾರವೂ ಪಾಳಿ. ಊರಿನ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅತ್ತೆ ಚನ್ನಬಸಮ್ಮ ರಾಣೆಬೆನ್ನೂರಿನಿಂದ ಬಂದು ಆರು ತಿಂಗಳು ಮೊಮ್ಮಗನನ್ನು ನೋಡಿಕೊಂಡಿದ್ದರು. ಆಮೇಲೆ ಮಗಳ ಬಾಣಂತನಕ್ಕೆಂದು ಹೋದವರು ಅಲ್ಲಿಯೇ ಉಳಿಯಬೇಕಾಯಿತು. ಹೀಗಾಗಿ ಆ ಸಲ ಉಮಾಶ್ರೀಯ ಕೆಲಸವನ್ನು ಅವಳ ತಂಡದ ಹುಡುಗನೊಬ್ಬ ವೇದಿಕೆಯ ಮೇಲೆ ತೋರಿಸಿದ, ಚಪ್ಪಾಳೆಯೂ ಅವನಿಗೇ ಬಿತ್ತು. ಮುಂದೆ ಅಪ್ರೈಸಲ್ ದಿನ ಮ್ಯಾನೇಜರ್, ಕೆಲಸವೇನೋ ಚೆನ್ನಾಗಿದೆ, ಆದರೆ ನೀವು ಎಲ್ಲೂ ಕಾಣಿಸಿಕೊಳ್ಳುವುದಿಲ್ಲ ಎಂದರು.

ಮರುವರ್ಷದ ಸಮಾವೇಶಕ್ಕೆ ಎರಡು ತಿಂಗಳಿರುವಾಗ ಅವಳು ಧೈರ್ಯ ಮಾಡಿ ಮೇಲ್ ಕಳಿಸಿದಳು. ಅವತ್ತು ಒಂದು ದಿನದ ಮಟ್ಟಿಗಾದರೂ ಕ್ಯಾಂಪಸ್ಸಿನಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಒಂದು ಕೋಣೆ ಮಾಡಿಕೊಡಿ ಎಂದು ಕೇಳಿ, ಕೆಳಗೆ ತನ್ನದೂ ಸೇರಿ ಹನ್ನೊಂದು ತಾಯಂದಿರ ಹೆಸರು ಬರೆದಳು. ಎಚ್.ಆರ್.ನಲ್ಲಿದ್ದ ಭಾಗ್ಯಶ್ರೀ ಎಂಬಾಕೆಗೂ ಮನೆಯಲ್ಲಿ ಸಣ್ಣ ಮಗಳಿದ್ದಳು. ಆಕೆ ಆ ಮೇಲ್‌ನ ಪ್ರತಿ ಹಿಡಿದು ಮೇಲಿನವರ ಹತ್ತಿರ ನಾಲ್ಕು ಸಲ ಹೋಗಿಬಂದಳು. ಕಡೆಗೆ ಒಪ್ಪಿಗೆ ಸಿಕ್ಕಿತು. ಎರಡನೇ ಮಹಡಿಯ ತರಬೇತಿ ಕೋಣೆಯಿಂದ ಮೇಜುಗಳನ್ನು ಹೊರಗೆ ಸಾಗಿಸಿ, ನೆಲಕ್ಕೆ ಬಣ್ಣದ ಚಾಪೆ ಹಾಸಿ, ಗೋಡೆಗೆ ಆನೆ, ಜಿರಾಫೆಯ ಚಿತ್ರ ಅಂಟಿಸಿದರು. ಮಕ್ಕಳನ್ನು ನೋಡಿಕೊಳ್ಳಲು ಒಂದು ಏಜೆನ್ಸಿಯಿಂದ ಇಬ್ಬರು ಹೆಂಗಸರು ಬರುವುದೆಂದಾಯಿತು. ಹತ್ತೊಂಬತ್ತು ಮಕ್ಕಳ ಹೆಸರು ದಾಖಲಾಯಿತು. ಕ್ಯಾಂಟೀನಿನಲ್ಲಿ ಉಮಾಶ್ರೀ ಸಿಕ್ಕಾಗಲೆಲ್ಲ ಒಬ್ಬರಲ್ಲ ಒಬ್ಬರು ಥ್ಯಾಂಕ್ಸ್ ಹೇಳುತ್ತಿದ್ದರು.

ಸಮಾವೇಶಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಮಲ್ಲುವಿಗೆ ಜ್ವರ ಬಂತು. ಗುರುವಾರ ಇಳಿಯಿತಾದರೂ ಬಾಯಿಗೆ ರುಚಿ ಹತ್ತಲಿಲ್ಲ. ಏನು ಕೊಟ್ಟರೂ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದ. ಶನಿವಾರ ಬೆಳಿಗ್ಗೆ ಡಾಕ್ಟರು, ಇನ್ನು ಹೆದರಬೇಕಿಲ್ಲ, ಯಾರಿಗೂ ಅಂಟುವುದೂ ಇಲ್ಲ ಎಂದ ಮೇಲೆಯೇ ಅವಳು ಅವನನ್ನು ಕರೆದುಕೊಂಡು ಹೊರಟಿದ್ದು. ಕೋಣೆಯ ಬಾಗಿಲಲ್ಲಿ ಅವನು ಅವಳ ದುಪಟ್ಟಾ ಹಿಡಿದುಕೊಂಡು ಬಿಡಲೇ ಇಲ್ಲ. ಏಜೆನ್ಸಿಯ ಕಿತ್ತಳೆ ಬಣ್ಣದ ಟೀಶರ್ಟನ್ನು ಸೀರೆಯ ಮೇಲೆಯೇ ತೊಟ್ಟಿದ್ದ ಒಬ್ಬ ಹೆಂಗಸು ಬಂದು ಅವನ ಎದುರು ಕುಕ್ಕರಗಾಲಲ್ಲಿ ಕೂತಳು. ಇಪ್ಪತ್ತೈದರ ಆಸುಪಾಸಿನವಳು, ಹೆಸರು ಶಿವಗಂಗಾ, ಸುರಪುರದ ಕಡೆಯವಳು. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಹೋಗಲಿಲ್ಲ. ದುಪಟ್ಟಾವನ್ನೇ ಅವನ ಹೆಗಲಿಗೆ ಹೊದಿಸಿ, "ಇದು ಇವನ ಹತ್ರನೇ ಇರ್ಲಿ ಬಿಡ್ರಿ ಅಕ್ಕಾರ, ನೀವು ಹೋಗ್ಬರ್ರಿ" ಎಂದಳು. ಉಮಾಶ್ರೀಗೆ ಅತ್ತೆಯ ಮಾತಿನ ಧಾಟಿಯೇ ಕಿವಿಗೆ ಬಿದ್ದಂತಾಯಿತು. ದುಪಟ್ಟಾ ಅಲ್ಲಿಯೇ ಬಿಟ್ಟು ಕೆಳಗಿಳಿದಳು.

ಸಭಾಂಗಣದಲ್ಲಿ ಎಲ್ಲರೂ ಫೋನ್ ಬಂದ್ ಮಾಡಬೇಕಿತ್ತು. ತನ್ನ ಸರದಿ ಬರುವವರೆಗೂ ಅವಳ ಜೀವ ಮೇಲಿನ ಮಹಡಿಯಲ್ಲೇ ಇತ್ತು. ಆದರೆ ವೇದಿಕೆ ಹತ್ತಿದ ಮೇಲೆ ಎಲ್ಲ ಮರೆತುಹೋಯಿತು. ಇಪ್ಪತ್ತು ನಿಮಿಷ ಒಂದು ಮಾತೂ ತಡವರಿಸದೆ ಮಾತಾಡಿದಳು. ಗ್ರಾಹಕರು ಕೇಳಿದ ಮೂರು ಪ್ರಶ್ನೆಗಳಿಗೂ ಅವಳ ಹತ್ತಿರ ಉತ್ತರವಿತ್ತು. ಇಳಿದು ಬರುವಾಗ ಮ್ಯಾನೇಜರ್ ಎದ್ದು ನಿಂತು ಕೈಕುಲುಕಿದರು.

ಮೆಟ್ಟಿಲು ಹತ್ತಿ ಕೋಣೆಗೆ ಬಂದರೆ ಮಲ್ಲು ಶಿವಗಂಗಾಳ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಮೊದಲ ಮುಕ್ಕಾಲು ಗಂಟೆ ಒಂದೇ ಸಮ ಅತ್ತನಂತೆ. ಕಂಪನಿಯವರು ಇಟ್ಟಿದ್ದ ಬಿಸ್ಕತ್ತು, ಜ್ಯೂಸು ಯಾವುದನ್ನೂ ಮುಟ್ಟಲಿಲ್ಲ. ಕಡೆಗೆ ಶಿವಗಂಗಾ ಮಧ್ಯಾಹ್ನದ ಊಟಕ್ಕೆಂದು ತಾನು ತಂದಿದ್ದ ಜೋಳದ ರೊಟ್ಟಿಯನ್ನು ಮುರಿದು, ಟೀಗೆ ಇಟ್ಟಿದ್ದ ಹಾಲಿನಲ್ಲಿ ನೆನೆಹಾಕಿ, ಕಿವುಚಿ, ಒಂದೊಂದೇ ತುತ್ತು ಬಾಯಿಗಿಟ್ಟಳು. ಅರ್ಧ ರೊಟ್ಟಿ ತಿಂದು ಹಾಗೇ ಮಲಗಿಬಿಟ್ಟನಂತೆ.

ನಾಲ್ಕು ದಿನದಿಂದ ಅವನ ಹೊಟ್ಟೆಗೆ ಅನ್ನದ ಅಗುಳು ಇಳಿದಿರಲಿಲ್ಲ ಎಂದಳು ಉಮಾಶ್ರೀ. ಅಲ್ಲಿಯೇ ಚಾಪೆಯ ಮೇಲೆ ಕೂತಳು. ಮಕ್ಕಳಿದ್ದಾರಾ ಎಂದು ಕೇಳಿದ್ದಕ್ಕೆ ಶಿವಗಂಗಾ, ಎರಡು ವರ್ಷದ ಮಗಳಿದ್ದಾಳೆ, ಊರಲ್ಲಿ ನಮ್ಮವ್ವ ಮುದುಕವ್ವನ ಹತ್ತಿರ ಬಿಟ್ಟಿದ್ದೇನೆ ಎಂದು ಹೇಳಿದಳು. ಗಂಡ ಮರೆಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಕಾಡುಗೋಡಿಯಲ್ಲಿ ಒಂದು ರೂಮು ಮಾಡಿದ್ದೇವೆ. "ಅಲ್ಲಿ ಯಾರ ಕೈಯಾಗ ಬಿಟ್ಟು ಬರ್ಲಿ ಹೇಳ್ರಿ" ಎಂದು ನಕ್ಕಳು. ಉಮಾಶ್ರೀ ಮಲಗಿದ್ದ ಮಗನನ್ನು ಮೆಲ್ಲಗೆ ಎತ್ತಿಕೊಂಡಳು. ಆ ದಿನ ಮನೆಗೆ ಹೋಗುವಾಗ ಅವಳಿಗೆ, ಈ ಊರಲ್ಲಿ ಹೇಗೋ ಬದುಕಬಹುದು ಎನ್ನಿಸಿತ್ತು. ಹಾಗೆ ಅನ್ನಿಸಿದ್ದು ಅದೇ ಕೊನೆ.

ಸೋಮವಾರ ಒಂದು ಫೋಟೊ ಮೇಲ್‌ನಲ್ಲಿ ಓಡಾಡಿತು. ಬೇರೆ ತಂಡದ ಒಬ್ಬ ತಂದೆ ತನ್ನ ಮಗಳನ್ನು ಕರೆದೊಯ್ಯಲು ಬಂದಾಗ ತೆಗೆದದ್ದು. ಶಿವಗಂಗಾ ತನ್ನ ಡಬ್ಬಿಯಿಂದ ಮಗುವೊಂದಕ್ಕೆ ಕೈಯಾರೆ ತಿನ್ನಿಸುತ್ತಿದ್ದಳು. ಮಗುವಿನ ಮುಖ ಕಾಣುತ್ತಿರಲಿಲ್ಲ, ದುಪಟ್ಟಾ ಕಾಣುತ್ತಿತ್ತು. ಆ ತಂದೆ ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನ ಮಗಳಿಗೆ ಶೇಂಗಾ ಆಗದು, ಒಂದು ಸಲ ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದಳು. ಹೊರಗಿನ ಆಹಾರ ಕೊಡಕೂಡದು ಎಂದು ಬಾಗಿಲಿಗೇ ಬರೆದು ಅಂಟಿಸಿದ್ದರು. ಆ ಡಬ್ಬಿಯಲ್ಲಿ ಏನಿತ್ತೆಂದು ಯಾರಿಗೆ ಗೊತ್ತು ಎಂದು ಅವನು ಕೇಳಿದ್ದ.

ಭಾಗ್ಯಶ್ರೀ ಉಮಾಶ್ರೀಯನ್ನು ಕರೆಸಿದಳು. ಮಗು ನಿಮ್ಮದು ಎಂದು ಗೊತ್ತಾಗಿದೆ, ನಡೆದದ್ದನ್ನು ಬರೆದುಕೊಡಿ ಎಂದು ಮೇಲಿನವರು ಕೇಳಿದ್ದಾರೆ ಎಂದಳು. ಉಮಾಶ್ರೀ ಅವತ್ತು ಮಧ್ಯಾಹ್ನ ಊಟಕ್ಕೂ ಹೋಗದೆ ಕೂತು ಬರೆದಳು. ನಿಜ ಬರೆದರೆ ಆ ಹೆಂಗಸಿಗೆ ಒಳ್ಳೆಯದಾಗುತ್ತದೆ ಎಂದೇ ಅವಳು ನಂಬಿದ್ದಳು. ಮಗ ಊಟ ಬಿಟ್ಟಿದ್ದ, ಅಳುತ್ತಿದ್ದ, ಶಿವಗಂಗಾ ತನ್ನ ಊಟವನ್ನು ಅವನಿಗೆ ಕೊಟ್ಟಳು, ಸ್ವಂತ ಮಗನಂತೆ ನೋಡಿಕೊಂಡಳು, ಆಕೆಗೆ ನಾನು ಋಣಿ. ಹೀಗೆ ಒಂದು ಪುಟ ತುಂಬಿಸಿದಳು.

ಆ ಪುಟದಿಂದ ಅವರಿಗೆ ಬೇಕಾಗಿದ್ದದ್ದು ಒಂದೇ ಸಾಲು. ನೋಡಿಕೊಳ್ಳುವಾಕೆ ತನ್ನ ಊಟವನ್ನು ಮಗುವಿಗೆ ಕೊಟ್ಟದ್ದನ್ನು ತಾಯಿಯೇ ಒಪ್ಪಿದ್ದಾರೆ ಎಂದು ವರದಿಯಾಯಿತು. ಬುಧವಾರದೊಳಗೆ ಏಜೆನ್ಸಿಯವರು ಶಿವಗಂಗಾಳನ್ನು ಕೆಲಸದಿಂದ ತೆಗೆದರು. ಸರಿಯಾದ ನಿಯಮಾವಳಿ ಆಗುವವರೆಗೆ ಮಕ್ಕಳ ಕೋಣೆಯ ಸೌಲಭ್ಯ ಇರುವುದಿಲ್ಲ ಎಂದು ಎಲ್ಲರಿಗೂ ಸುತ್ತೋಲೆ ಬಂತು. ನಿಯಮಾವಳಿ ಯಾರು ಮಾಡುತ್ತಾರೆ ಎಂದು ಕೇಳಿದಾಗ ಭಾಗ್ಯಶ್ರೀ ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದಳು. ಆಮೇಲೆ, "ಯಾರೂ ಮಾಡಲ್ಲ ಉಮಾ. ಇನ್ನು ನಾನು ಬಾಯಿ ಬಿಟ್ರೆ ಇದೇ ಫೋಟೊ ಮುಂದಿಡ್ತಾರೆ" ಎಂದಳು.

ಕ್ಯಾಂಟೀನಿನಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದವರು ಈಗ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋಗತೊಡಗಿದರು. ಹನ್ನೊಂದು ಹೆಸರುಗಳಲ್ಲಿ ಒಬ್ಬಾಕೆ ಮಾತ್ರ ಎದುರಿಗೇ ಹೇಳಿದಳು, ನನಗೇನೂ ಗೊತ್ತಿಲ್ಲ ಎಂದು ಒಂದು ಸಾಲು ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತಲ್ಲ, ಅಷ್ಟುದ್ದ ಯಾಕೆ ಬರೆಯಲು ಹೋದಿರಿ ಎಂದು.

ಉಮಾಶ್ರೀಗೆ ನಿದ್ದೆ ಬಾರದಾಯಿತು. ಗೇಟಿನ ಸೆಕ್ಯುರಿಟಿ ನಿಂಗಪ್ಪನೂ ಕಾಡುಗೋಡಿಯವನೇ. ಅವನನ್ನು ಕೇಳಿ ಶಿವಗಂಗಾಳ ರೂಮು ಎಲ್ಲಿದೆಯೆಂದು ತಿಳಿದುಕೊಂಡು, ಭಾನುವಾರ ಬೆಳಿಗ್ಗೆ ಮಲ್ಲುವನ್ನು ಎತ್ತಿಕೊಂಡು ಆಟೊ ಹತ್ತಿದಳು. ತನ್ನ ಮನೆಗೇ ಬಂದು ಮಗನನ್ನು ನೋಡಿಕೋ ಎಂದು ಕೇಳುವುದು, ನಿನ್ನ ಮಗಳನ್ನೂ ಕರೆಸಿಕೋ, ಇಬ್ಬರೂ ಒಟ್ಟಿಗೆ ಬೆಳೆಯಲಿ ಎನ್ನುವುದು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು.

ರೈಲ್ವೆ ಸ್ಟೇಷನ್ನಿನ ಹಿಂದೆ ಶೀಟು ಹೊದಿಸಿದ ಏಳು ರೂಮುಗಳ ಒಂದು ಸಾಲು. ಎಲ್ಲರಿಗೂ ಸೇರಿ ಒಂದೇ ನಲ್ಲಿ. ಶಿವಗಂಗಾ ನಲ್ಲಿಯ ಬಳಿ ಬಟ್ಟೆ ಒಗೆಯುತ್ತ ಕೂತಿದ್ದಳು. ಇವರನ್ನು ಕಂಡು ಎದ್ದು, ಮರೆಪ್ಪನ ಕೈಲಿ ಒಂದು ಪ್ಲಾಸ್ಟಿಕ್ ಸ್ಟೂಲು ತರಿಸಿ ಕೂರಿಸಿದಳು. ಮರೆಪ್ಪ ಸ್ಟೂಲು ಇಟ್ಟವನೇ ಒಳಗೆ ಹೋಗಿಬಿಟ್ಟ. ಕೋಪವಿದ್ದಂತೆ ಕಾಣಲಿಲ್ಲ, ಮಾತಾಡುವುದೇನೂ ಇಲ್ಲ ಎನ್ನುವಂತಿತ್ತು.

"ನಾನು ನಿಮ್ಮ ಒಳ್ಳೇದಕ್ಕೇ ಬರೆದಿದ್ದೆ ಶಿವಗಂಗಾ" ಎಂದಳು ಉಮಾಶ್ರೀ.

"ಗೊತ್ತದ್ರಿ ಅಕ್ಕಾರ. ಏಜೆನ್ಸಿ ಸಾಹೇಬ್ರು ನನಗ ಓದಿ ಹೇಳಿದ್ರು. ಭಾಳ ಛಲೋ ಬರ್ದೀರಿ. ನನ್ನ ಬಗ್ಗೆ ಅಷ್ಟು ಛಲೋ ಯಾರೂ ಬರ್ದಿಲ್ರಿ."

ಅದರಲ್ಲಿ ಚುಚ್ಚುಮಾತಿನ ಸುಳಿವೇ ಇರಲಿಲ್ಲ. ಅದಕ್ಕೇ ಉಮಾಶ್ರೀಗೆ ತಲೆ ಎತ್ತಲಾಗಲಿಲ್ಲ. ಬಂದ ಕಾರಣವನ್ನು ತಡವರಿಸುತ್ತಲೇ ಹೇಳಿದಳು. ಶಿವಗಂಗಾ ಪೂರ್ತಿ ಕೇಳಿಸಿಕೊಂಡಳು. ಏಜೆನ್ಸಿಯವರು ಬೇರೆ ಕಂಪನಿಗಳಿಗೂ ಅವಳ ಹೆಸರು ಹೇಳಿ, ಕೆಲಸಕ್ಕೆ ತೆಗೆದುಕೊಳ್ಳಬೇಡಿ ಎಂದು ತಿಳಿಸಿದ್ದರು. ನಾಳೆಯಿಂದ ಮರೆಪ್ಪನ ಜೊತೆ ಸೈಟಿಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಸೈಟಿನಲ್ಲಿ ಇಟ್ಟಿಗೆ ಹೊರುವ ಕೆಲಸ, ಮಗಳನ್ನು ಕರೆಸುವ ಮಾತು ಇನ್ನು ದೂರವೇ.

ಅಷ್ಟರಲ್ಲಿ ಮಲ್ಲು ತಾಯಿಯ ತೊಡೆಯಿಂದ ಜಾರಿ, ಪುಟ್ಟ ಹೆಜ್ಜೆ ಹಾಕುತ್ತ ಹೋಗಿ ಶಿವಗಂಗಾಳ ಮುಂದೆ ನಿಂತು, ಎತ್ತಿಕೋ ಎಂದು ಎರಡೂ ಕೈ ಚಾಚಿದ. ಅವಳು ಅವನನ್ನೇ ನೋಡಿದಳು. ಸೋಪಿನ ನೊರೆ ಹತ್ತಿದ್ದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

"ಬ್ಯಾಡ್ರಿ ಅಕ್ಕಾರ" ಎಂದಳು. "ಇನ್ನೊಬ್ಬರ ಕೂಸು ಮುಟ್ಟಬೇಕಂದ್ರ ಈಗ ಅಂಜಿಕಿ ಬರ್ತದ. ನಾಳೆ ಇವ ಬಿದ್ದ, ಇವಗ ಹೊಟ್ಟಿ ನೂಸ್ತು ಅಂದ್ರ, ನೀವು ಏನೂ ಅನ್ನಂಗಿಲ್ಲ, ನನಗ ಗೊತ್ತದ. ಆದ್ರ ನನ್ನ ಜೀವಕ್ಕ ಸಮಾಧಾನ ಇರಂಗಿಲ್ರಿ."

ಮಲ್ಲು ಕೈ ಚಾಚಿಕೊಂಡೇ ನಿಂತಿದ್ದ. ಉಮಾಶ್ರೀ ಎದ್ದು ಅವನನ್ನು ಎತ್ತಿಕೊಂಡಳು. ಆಟೊದಲ್ಲಿ ಅವನು ಅಳಲಿಲ್ಲ, ಅವಳೇ ಅತ್ತಳು.

ನಾಲ್ಕು ತಿಂಗಳಾದ ಮೇಲೆ ಹಲವು ತಂಡಗಳು ಸೇರುವ ಹೊಸ ಯೋಜನೆಗೆ ಲೀಡ್ ಯಾರೆಂದು ನಿರ್ಧಾರವಾಗಬೇಕಿತ್ತು. ತಿಂಗಳಿಗೆರಡು ಶನಿವಾರ ಗ್ರಾಹಕರ ಜೊತೆ ಕೂರಬೇಕಾದ ಕೆಲಸ ಅದು. ಮ್ಯಾನೇಜರ್ ಬಹಳ ಮರ್ಯಾದೆಯಿಂದಲೇ ಮಾತಾಡಿದರು. ನೀವು ಕೇಳಿದಿರಿ ಎಂದು ಸೌಲಭ್ಯ ಮಾಡಿಕೊಟ್ಟೆವು, ಅದು ಹೇಗಾಯಿತು ಎಂದು ನೀವೇ ನೋಡಿದಿರಿ, ಇನ್ನು ಕಂಪನಿ ಏನು ಮಾಡಲು ಸಾಧ್ಯ ಹೇಳಿ ಎಂದರು. ಲೀಡ್ ಆದವನು ಹಿಂದೆ ಅವಳ ಬದಲಿಗೆ ವೇದಿಕೆ ಹತ್ತಿದ್ದ ಹುಡುಗನೇ. ಅವನು ಬಂದು ಸಂಕೋಚಪಟ್ಟ, ಅವಳು ಅವನಿಗೆ ಸಮಾಧಾನ ಹೇಳಿ ಕಳಿಸಿದಳು.

ಅವತ್ತು ಸಂಗಮೇಶ್, ಇಬ್ಬರಲ್ಲಿ ಒಬ್ಬರು ಬಿಡಲೇಬೇಕು ಅನ್ನಿಸುತ್ತೆ ಎಂದ. ಯಾರು ಎಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಅವನು ಕೆಟ್ಟವನಲ್ಲ. ಮಗನ ಬಟ್ಟೆ ಮಡಚುತ್ತಲೇ ಆ ಮಾತಾಡಿದ್ದ. ಪೀಣ್ಯದ ಹತ್ತಿರ ದಾಸರಹಳ್ಳಿಯಲ್ಲಿ ಮನೆ ನೋಡಿದರು. ಉಮಾಶ್ರೀ ರಾಜೀನಾಮೆ ಕೊಟ್ಟಳು. ಒಳ್ಳೆಯ ನಿರ್ಧಾರ, ಮಗುವಿಗೆ ತಾಯಿ ಬೇಕು ಎಂದು ಆಫೀಸಿನಲ್ಲಿ ಎಲ್ಲರೂ ಹೇಳಿದರು. ಒಂಬತ್ತು ವರ್ಷ ಕೆಲಸ ಮಾಡಿದ್ದ ಜಾಗದಲ್ಲಿ ಅಷ್ಟು ಜನ ಒಟ್ಟಿಗೆ ಅವಳನ್ನು ಮೆಚ್ಚಿಕೊಂಡದ್ದು ಅದೇ ಮೊದಲು.

ಕೊನೆಯ ದಿನ ಲ್ಯಾಪ್‌ಟಾಪು, ಗುರುತಿನ ಚೀಟಿ ಒಪ್ಪಿಸಿ ಹೊರಬಂದಾಗ ಇನ್ನೂ ಮೂರೂವರೆ. ಹೋಪ್ ಫಾರಂ ಸರ್ಕಲ್ಲಿನಲ್ಲಿ ಟ್ರಾಫಿಕ್ಕೂ ಇರಲಿಲ್ಲ. ನಾಲ್ಕಕ್ಕೆಲ್ಲ ಡೇ ಕೇರಿಗೆ ಬಂದಳು. ಮಗನನ್ನು ಕರೆದೊಯ್ಯಲು ಸಂಜೆ ಏಳು ಗಂಟೆಗೆ ಮೊದಲು ಅವಳು ಎಂದೂ ಬಂದವಳಲ್ಲ. ಅಂಗಳದಲ್ಲಿ ಬಿಸಿಲು ಬಿದ್ದಿತ್ತು, ಮಕ್ಕಳು ಸಾಲಾಗಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಆಯಾ ಅಂಜಿನಮ್ಮ, ಮಲ್ಲು, ನೋಡು ಯಾರು ಬಂದ್ರು ಎಂದಳು.

ಮಲ್ಲು ತಲೆಯೆತ್ತಿ ತಾಯಿಯನ್ನು ನೋಡಿದ. ಆಮೇಲೆ ಬಾಗಿಲಾಚೆಯ ಬೆಳಕನ್ನು ನೋಡಿದ. ಮತ್ತೆ ಬಾಳೆಹಣ್ಣಿನ ಕಡೆಗೆ ತಿರುಗಿ, "ಅಮ್ಮ ಈಗ ಬರಲ್ಲ, ಕತ್ತಲಾದ್ಮೇಲೆ ಬರ್ತಾಳೆ" ಎಂದು ಅಂಜಿನಮ್ಮನಿಗೆ ಹೇಳಿದ. ಉಮಾಶ್ರೀ ಹತ್ತಿರ ಹೋಗಿ ಕೈ ಹಿಡಿದರೆ ಕೊಸರಿಕೊಂಡು ಆಯಾಳ ಸೀರೆಯ ಹಿಂದೆ ಸೇರಿಕೊಂಡ.

ಅಂಜಿನಮ್ಮ ನಗಲು ನೋಡಿದಳು. ಉಮಾಶ್ರೀ ಅವಸರ ಮಾಡಲಿಲ್ಲ. ಬಾಗಿಲ ಬಳಿ ಮಕ್ಕಳ ಚಪ್ಪಲಿಗಳ ಪಕ್ಕ ನೆಲದ ಮೇಲೆ ಕೂತು, ಹೊರಗೆ ಹೊತ್ತು ಇಳಿಯುವುದನ್ನೇ ಕಾದಳು.